ಬೋಳು ಹಣೆ

ನನ್ನ ಗಂಡ ಮೂವತ್ತೇಳು ವರ್ಷ ಹಣೆಗೆ ವಿಭೂತಿ ಹಚ್ಚಲಿಲ್ಲ. ಲಿಂಗಾಯತರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ದೇವರೇ ಇಲ್ಲ ಎನ್ನುವವರಾಗಿದ್ದರೆ ಅದು ಬೇರೆ ಮಾತು. ಕೊರಳಲ್ಲಿ ಲಿಂಗವಿತ್ತು, ಬೆಳಿಗ್ಗೆ ಸ್ನಾನ ಮಾಡಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಯನ್ನೂ ಮಾಡುತ್ತಿದ್ದರು. ಪಕ್ಕದ ತಟ್ಟೆಯಲ್ಲಿದ್ದ ವಿಭೂತಿ ಗಟ್ಟಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಊರವರು ಸುಮ್ಮನಿರುತ್ತಾರೆಯೇ? ಮಿಲಿಟರಿಯಲ್ಲಿ ಮಾಂಸ ತಿಂದು ಕೆಟ್ಟಿದ್ದಾನೆ, ಅದಕ್ಕೇ ಹಚ್ಚಲು ಹೆದರುತ್ತಾನೆ ಎಂದರು ಕೆಲವರು. ಎಲ್ಲೋ ಹೋಗಿ ಜಾತಿ ಬಿಟ್ಟು ಬಂದಿದ್ದಾನೆ ಎಂದರು ಇನ್ನು ಕೆಲವರು. ನಮ್ಮ ಅತ್ತೆ ಸಾಯುವವರೆಗೂ ಮಗನನ್ನು ಬೇಡಿಕೊಂಡಳು. ನಾನು ಬೇಡಿಕೊಳ್ಳುವ ಪೈಕಿ ಅಲ್ಲ, ಬಯ್ಯುವ ಪೈಕಿ. ನಮ್ಮೂರು ಚಚಡಿಯ ಕನ್ನಡ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು. ಸುಂದರವ್ವ ಅಕ್ಕೋರು ಬಂದರು ಎಂದರೆ ವಾಡೆಯ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದ ಗಂಡಸರು ಎಲೆಗಳನ್ನು ತೊಡೆಯ ಕೆಳಗೆ ತುರುಕಿಕೊಳ್ಳುತ್ತಿದ್ದರು. ಅಂಥವಳ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ.

“ರೀ, ಹೇಂತಿ ಸತ್ತೋರೂ ಹಿಂಗ ಇರೂದಿಲ್ಲ. ಬೋಳಹಣಿ ಮಾಡ್ಕೊಂಡ ಊರೆಲ್ಲಾ ಅಡ್ಡಾಡತೀರಿ. ಮಂದಿ ನನಗ ಏನ ಅಂತಾರ?”

“ನಿನಗ ಅನ್ನೂ ಧೈರ್ಯಾ ಯಾವ ಮಂದಿಗೈತಿ,” ಎಂದು ನಕ್ಕು ಹೊಲಕ್ಕೆ ಹೋಗಿಬಿಡುತ್ತಿದ್ದರು.

ಲಂಕೆಗೆ ಹೋಗುವ ಮೊದಲು ಹೀಗಿರಲಿಲ್ಲ. ನಮ್ಮ ಮದುವೆ ಆದದ್ದು ಎಂಬತ್ತೇಳರ ಮೇ ತಿಂಗಳಲ್ಲಿ. ಆಗ ಅವರು ಸೈನ್ಯ ಸೇರಿ ಏಳು ವರ್ಷವಾಗಿತ್ತು. ಮದುವೆಯ ಫೋಟೋದಲ್ಲಿ ನೋಡಿದರೆ ಹಣೆಯ ಈ ತುದಿಯಿಂದ ಆ ತುದಿಯವರೆಗೆ ದಪ್ಪನೆಯ ಮೂರು ಪಟ್ಟೆ. ಮರುವರ್ಷ ಸಂಕ್ರಾಂತಿಗೆ ರಜೆಯ ಮೇಲೆ ಬಂದಾಗಲೇ ಹೇಳಿದರು, ತಮ್ಮ ಪಲ್ಟನ್ನನ್ನು ಶ್ರೀಲಂಕೆಗೆ ಕಳಿಸುತ್ತಿದ್ದಾರೆ ಎಂದು.

ನಮಗೆ ಲಂಕೆ ಎಂದರೆ ಒಂದೇ ಲಂಕೆ. ನನ್ನ ತವರು ರಾಮದುರ್ಗದ ಕಡೆಯ ಸುರೇಬಾನ. ಅಲ್ಲಿಯ ಶಬರಿಕೊಳ್ಳದಲ್ಲಿಯೇ ಶಬರಿ ರಾಮನಿಗೆ ಬೋರೆಹಣ್ಣು ತಿನ್ನಿಸಿದ್ದು, ಅಲ್ಲಿಂದಲೇ ಅವನು ಲಂಕೆಗೆ ಮುಂದುವರಿದದ್ದು ಎಂದು ಕೇಳುತ್ತಲೇ ಬೆಳೆದವಳು ನಾನು. ಬೋರೆಯ ಸುಗ್ಗಿ ಬೇರೆ. ಗಂಡನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಕೊಳ್ಳದ ಮೆಟ್ಟಿಲ ಮೇಲೆ ಕೂಡಿಸಿ, ನಮ್ಮವ್ವ, ಚಿಕ್ಕವ್ವಂದಿರೆಲ್ಲ ನೋಡುತ್ತಿರುವಾಗ ಒಂದೊಂದೇ ಹಣ್ಣು ಬಾಯಿಗಿಟ್ಟೆ. ಯಾವ ಹೆಣ್ಣುಮಗಳೂ ಗಂಡನನ್ನು ಇಷ್ಟು ಚೆಂದ ಯುದ್ಧಕ್ಕೆ ಕಳಿಸಿರಲಿಕ್ಕಿಲ್ಲ ಎಂದು ನನಗೆ ಹೆಮ್ಮೆ.

“ಲಂಕಾ ಸುಟ್ಟ ಬರ್ರಿ,” ಎಂದೆ. ಎಲ್ಲರೂ ನಕ್ಕರು.

“ಹಂಗಲ್ಲ ಸುಂದ್ರಾ. ನಾವು ಶಾಂತಿ ಕಾಯಾಕ ಹೊಂಟೇವಿ. ಅಲ್ಲಿ ತಮಿಳ ಮಂದಿಗೆ ಭಾಳ ತ್ರಾಸ ಆಗೇತಂತ.”

“ಯಾರನ್ನರ ಕಾಯ್ರಿ. ರಾವಣನ್ನ ಮಾತ್ರ ಬಿಡಬ್ಯಾಡ್ರಿ.”

ಶಿಕ್ಷಕಿಯಾಗಲು ಟಿಸಿಎಚ್ ಓದಿದ್ದೆ, ದಿನಾ ಪೇಪರು ನೋಡುತ್ತಿದ್ದೆ. ಯಾರನ್ನು ಕಾಯಲು ಹೋಗಿತ್ತೋ ಅದೇ ತಮಿಳರ ಹುಡುಗರೊಂದಿಗೆ ನಮ್ಮ ಸೈನ್ಯ ಮೂರು ತಿಂಗಳಿಂದ ಬಡಿದಾಡುತ್ತಿದೆ ಎಂದು ಪೇಪರಿನಲ್ಲಿ ಬರುತ್ತಲೇ ಇತ್ತು. ಓದಿದ್ದೆ, ತಲೆಗೆ ಇಳಿದಿರಲಿಲ್ಲ. ಆಚೆ ದಂಡೆಯಲ್ಲಿ ಇರುವವರು ಹತ್ತು ತಲೆಯವರು ಎಂದೇ ನನ್ನ ಎದೆಯೊಳಗೆ ಇತ್ತು.

ಅಲ್ಲಿಂದ ಬಂದ ಮೊದಲ ಕಾಗದ ಉದ್ದವಾಗಿತ್ತು. ಇಲ್ಲಿಯ ಗುಡಿಗಳು ನಮ್ಮ ಗುಡಿಗಳ ಹಾಗೇ ಇವೆ, ಮುದುಕರು ನಮ್ಮ ಹಾಗೇ ವಿಭೂತಿ ಹಚ್ಚುತ್ತಾರೆ, ನೋಡಿದರೆ ನಮ್ಮ ಸಿರಸಂಗಿಯ ಸಂತೆಗೆ ಬಂದ ಹಾಗಿದೆ ಎಂದು ಬರೆದಿದ್ದರು. ಸಂತೋಷದಿಂದ ಓದಿ ಅತ್ತೆಗೂ ಓದಿ ಹೇಳಿ ಮಡಚಿಟ್ಟೆ. ಆ ಬೇಸಿಗೆಯ ನಂತರ ಕಾಗದಗಳು ಎರಡು ಸಾಲಿಗೆ ಬಂದವು. ಆರಾಮ ಇದ್ದೇನೆ, ಆರಾಮ ಇರಿ.

ತೊಂಬತ್ತರ ಮಾರ್ಚಿನಲ್ಲಿ ಸೈನ್ಯ ವಾಪಸಾಯಿತು. ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಬದುಕಿ ಬಂದವರನ್ನು ಹಲಗೆ ಬಾರಿಸಿ ಕರೆದುಕೊಂಡವರು ಯಾರೂ ಇಲ್ಲ. ಹೋಗಿದ್ದು ಯಾಕೆ, ಬಂದದ್ದು ಯಾಕೆ ಎಂದು ಹೇಳುವವರೂ ಇಲ್ಲ. ಇವರು ಸವದತ್ತಿಯಲ್ಲಿ ಬಸ್ಸು ಇಳಿದು, ಟ್ರಂಕು ಹೊತ್ತುಕೊಂಡು, ಬೋಳು ಹಣೆಯಲ್ಲಿ ಮನೆಗೆ ಬಂದರು. ನನಗೆ ಹಣೆ ಕಾಣಲಿಲ್ಲ, ಅವಮಾನ ಕಂಡಿತು. ನನ್ನ ಗಂಡ ದೇಶಕ್ಕಾಗಿ ಹೋಗಿ ಬಂದರೆ ದೇಶ ಮುಖ ತಿರುಗಿಸಿ ಕುಳಿತಿದೆಯಲ್ಲ ಎಂದು ಮೈ ಉರಿಯಿತು. ಅದೇ ವರ್ಷ ನನಗೆ ನೌಕರಿ ಸಿಕ್ಕಿತು. ಸರಕಾರ ಮಾಡದ್ದನ್ನು ನಾನು ಮಾಡುತ್ತೇನೆ ಎಂದು ಹಟ ಹಿಡಿದೆ.

ಪಿಂಚಣಿಯ ಮೇಲೆ ಊರಿಗೆ ಬಂದ ಮೇಲೆ ಅವರನ್ನು ಬಿಡಲಿಲ್ಲ. ಪ್ರತಿ ಆಗಸ್ಟ್ ಹದಿನೈದಕ್ಕೆ ಪದಕ ಚುಚ್ಚಿದ ಕೋಟು ಹಾಕಿಸಿ, ಎಳೆದುಕೊಂಡು ಹೋಗಿ, ಶಾಲೆಯ ವೇದಿಕೆಯ ಮೇಲೆ ನಡುವಿನ ಕುರ್ಚಿಯಲ್ಲಿ ಕೂಡಿಸುತ್ತಿದ್ದೆ. “ಲಂಕೆಯಲ್ಲಿ ಹೋರಾಡಿ ಬಂದ ವೀರಯೋಧ ಮಲಕಾಜಪ್ಪನವರು” ಎಂದು ಮೈಕಿನಲ್ಲಿ ನಾನೇ ಹೇಳುತ್ತಿದ್ದೆ. ಅವರು ತಮ್ಮ ಬೂಟುಗಳನ್ನು ನೋಡುತ್ತ ಕೂಡುತ್ತಿದ್ದರು. ಒಮ್ಮೆ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ನೀವು ಎಷ್ಟ ಮಂದೀನ್ನ ಹೊಡದ್ರಿ?” ಎಂದು ಕೇಳಿದಳು. ಅವರು ಬಾಯಿ ತೆರೆಯುವ ಮೊದಲೇ ನಾನು ಮೈಕು ಕಸಿದುಕೊಂಡು, “ಅದನ್ನ ಎಣಸಾಕ ಬರತೈತೇನ?” ಎಂದೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಇವರು ಎದ್ದು ವೇದಿಕೆಯ ಹಿಂದೆ ಹೋದವರು ತಿರುಗಿ ಬರಲಿಲ್ಲ. ನಾಚಿಕೆಯ ಮನುಷ್ಯ ಎಂದುಕೊಂಡೆ. ಈಗ ಅದನ್ನು ನೆನೆಸಿಕೊಂಡರೆ ನನ್ನ ನಾಲಿಗೆಯನ್ನು ನಾನೇ ಕಡಿದುಕೊಳ್ಳಬೇಕು ಅನಿಸುತ್ತದೆ.

ಕಳೆದ ಮೇ ತಿಂಗಳಲ್ಲಿ ಗಡಿಯ ಮೇಲೆ ನಾಲ್ಕು ದಿನ ವಿಮಾನ, ಡ್ರೋನು ಎಂದು ನಡೆಯಿತಲ್ಲ, ಆಗ ನಮ್ಮ ಮನೆಯಲ್ಲಿ ಟಿವಿ ಆರುತ್ತಲೇ ಇರಲಿಲ್ಲ. ನಮ್ಮ ಮಗ ಗೌರೀಶ ಬೈಲಹೊಂಗಲದಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದಾನೆ. ಬೈಕಿನ ಹಿಂದೆ ‘ಸೈನಿಕನ ಮಗ’ ಎಂದು ಬರೆಸಿಕೊಂಡವನು. ಮೂರನೆಯ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ, ಒಂದು ಕಿಲೋ ಪೇಡೆ ಹಿಡಿದುಕೊಂಡು ಬಂದ. ಸೊಸೆ ಸಪ್ನಾ ತಟ್ಟೆಗೆ ಹಾಕಿದಳು. ಟಿವಿಯವನು ಕುರ್ಚಿಯಿಂದ ಎದ್ದು ನಿಂತು ಕೂಗುತ್ತಿದ್ದ.

“ಇನ್ನೊಂದ ವಾರಾ ನಡೀಲಿ ಅಪ್ಪಾ, ಪೂರಾ ಮುಗಿಸೇ ಬಿಡತೇವಿ,” ಎಂದ ಗೌರೀಶ.

ನನಗೂ ಖುಷಿಯೇ. “ಬಿಡಬಾರದು. ಈ ಸಲ ಬಿಡಲೇಬಾರದು,” ಎಂದೆ.

ಇವರು ಎದ್ದು ಹೋಗಿ ಟಿವಿ ಬಂದ್ ಮಾಡಿದರು. ಆಗಲೇ ದಮ್ಮು ಹೆಚ್ಚಾಗಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಗೋಡೆ ಹಿಡಿದು ನಿಂತು ಮಗನನ್ನು ಕೇಳಿದರು, “ಮುಗಿಸತೇವಿ ಅಂತೀಯಲ್ಲ, ಅದರಾಗ ನೀ ಎಲ್ಲಿದ್ದೀಯೋ?”

“ಮಿಲ್ಟ್ರಿ ಮನಶ್ಯಾ ಆಗಿ ನೀ ಹಿಂಗ ಅಂತಿ ಅಲ್ಲಪ್ಪಾ?”

“ಹೋಗಿ ಬಂದೇನಿ. ಅದಕ್ಕ ಅಂತೇನಿ.”

ಗೌರೀಶ ಮುಖ ಊದಿಸಿಕೊಂಡು ಬೈಕು ಹತ್ತಿ ಹೋದ. ಸಪ್ನಾ ಒಳಗೆ ಹೋದಳು. ನಾನು ಶುರು ಮಾಡಿದೆ. ಮಗ ಪ್ರೀತಿಯಿಂದ ಸಿಹಿ ತಂದರೆ ಹೀಗೆ ಮಾಡುವುದೇ, ಊರ ಮಂದಿಯೆಲ್ಲ ಸಂಭ್ರಮದಲ್ಲಿದ್ದರೆ ಇವರೊಬ್ಬರು ಸೂತಕ ಹಿಡಿದವರ ಹಾಗೆ ಕೂಡುವುದೇ ಎಂದು ಒಂದೇ ಸಮನೆ ಅಂದೆ. ಕೊನೆಗೆ, “ದೇಶಾನೂ ಬ್ಯಾಡ, ದೇವರೂ ಬ್ಯಾಡ ನಿಮಗ. ಆ ಹಣಿ ನೋಡ್ಕೋರಿ ಒಂದ ಸಲ ಕನ್ನಡ್ಯಾಗ,” ಎಂದೆ.

ಸಿಟ್ಟಿಗೆ ಬರುತ್ತಾರೆ ಎಂದುಕೊಂಡಿದ್ದೆ. ಅವರು ಪೇಡೆಯ ತಟ್ಟೆಯನ್ನು ದೂರ ಸರಿಸಿ ನೆಲಕ್ಕೆ ಕುಳಿತರು.

“ಕುಂದರ ಸುಂದ್ರಾ. ಹೇಳತೇನಿ.”

ಅವರು ಹೇಳಿದ್ದು ಇಷ್ಟು. ಎಂಬತ್ತೆಂಟರ ಬೇಸಿಗೆ. ಸುತ್ತ ತಾಳೆಮರ, ನಡುವೆ ಒಂದು ರಸ್ತೆ, ರಸ್ತೆಗೆ ಒಂದು ಸಣ್ಣ ಸೇತುವೆ. ಸೇತುವೆಯ ಬಾಯಲ್ಲಿ ಕಾವಲಿಗೆ ಇಬ್ಬರು, ಇವರು ಮತ್ತು ನಮ್ಮ ರಾಮದುರ್ಗದ ಕಡೆಯ ಅಮೋಘಸಿದ್ದಪ್ಪ. ಹೋಗಿ ಬರುವವರ ಕೈಚೀಲ, ಸೈಕಲ್ಲು, ಮೈ ಎಲ್ಲ ತಡವಿ ನೋಡಿ ಬಿಡಬೇಕು ಎಂದು ಅಪ್ಪಣೆ. ಒಂದು ದಿನ ಮುಂಜಾನೆ ಒಬ್ಬ ಮುದುಕ ಸೈಕಲ್ಲು ತಳ್ಳಿಕೊಂಡು ಬಂದ. ಬರಿಮೈ, ಬಿಳಿ ಕೂದಲು, ಹಣೆಗೆ ಮೂರು ಪಟ್ಟೆ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ.

“ನಮ್ಮ ಗುರುಗಳ ಬಂದಂಗ ಆತು ನೋಡ. ಅಂಥಾ ಅಜ್ಜನ ಮೈಮ್ಯಾಲ ಹೆಂಗ ಕೈ ಹಾಕಲಿ? ವಿಭೂತಿ ಹಚ್ಚಿದಾಂವ ಸುಳ್ಳ ಮಾಡತಾನೇನ? ‘ಶರಣ್ರಿ ಅಜ್ಜಾರ’ ಅಂದೆ. ಅವಂಗ ನನ್ನ ಮಾತ ತಿಳೀಲಿಲ್ಲ. ‘ನಮಃ ಶಿವಾಯ’ ಅಂದ. ಅದೊಂದ ತಿಳೀತ ನಮಗ. ಟೊಪಗಿ ಮ್ಯಾಲ ಸರಸಿ ತಲಿ ಬಗ್ಗಿಸಿದೆ. ಸೊಂಟದ ಚೀಲದಾಗಿಂದ ವಿಭೂತಿ ತಗದ ನನಗ ಹಚ್ಚಿದ, ಅಮೋಘಗೂ ಹಚ್ಚಿದ. ನೋಡಲಾರದ ಬಿಟ್ಟೆ.”

ಒಂದು ತಾಸಿನ ಮೇಲೆ, ಎರಡು ಫರ್ಲಾಂಗು ಮುಂದೆ, ನೆಲದಲ್ಲಿ ಹುಗಿದಿಟ್ಟ ಮದ್ದು ಸಿಡಿದು ಇವರ ಪಲ್ಟನ್ನಿನ ಜೀಪು ಹಾರಿಹೋಯಿತು. ಮೂವರು ಸತ್ತರು. ಅದರಲ್ಲಿ ಒಬ್ಬ ಇವರ ಪಕ್ಕದ ಹಾಸಿಗೆಯವನು. ಮುಂಜಾನೆಯಿಂದ ಸೇತುವೆ ದಾಟಿದವರು ಯಾರು, ಯಾರನ್ನು ನೋಡದೆ ಬಿಟ್ಟಿರಿ ಎಂದು ಸಾಹೇಬರು ಕೇಳಿದರು. ಇವರು ಇದ್ದದ್ದು ಇದ್ದ ಹಾಗೆ ಹೇಳಿದರು. ಮೂರು ಹೆಣಗಳನ್ನೂ ಇವರ ಕೈಯಿಂದಲೇ ಎತ್ತಿಸಿದರು.

“ಇಡೀ ದಿನಾ ಒಂದ ಮಾತ ತಲ್ಯಾಗ, ಸುಂದ್ರಾ. ಬ್ಯಾರೆ ಯಾರರ ಮೋಸಾ ಮಾಡಿದ್ರ ಅಷ್ಟ ಸಿಟ್ಟ ಬರತಿದ್ದಿಲ್ಲ. ವಿಭೂತಿ ಹಚ್ಕೊಂಡ ಮೋಸಾ ಮಾಡಿದ್ನಲ್ಲ, ಶಿವನ ಹೆಸರ ತಗೊಂಡ ಮೋಸಾ ಮಾಡಿದ್ನಲ್ಲ ಅಂತ. ಮರದಿನಾ ಸಂಜೀಕ ಅವನ ತಿರಗಿ ಬಂದ. ಅದ ಸೈಕಲ್ಲ. ನನ್ನ ನೋಡಿ ನಕ್ಕ. ಸೈಕಲ್ಲ ಸೇತುವಿ ಕಟ್ಟಿಗೆ ಆನಿಸಿ ಕೈಚೀಲದಾಗ ಕೈ ಹಾಕಿದ. ನಿಲ್ಲ ಅಂತನೂ ಅನಲಿಲ್ಲ ನಾ. ಹೊಡದೆ.”

ಸ್ವಲ್ಪ ಹೊತ್ತು ಕೆಮ್ಮಿದರು. ನೀರು ಕೊಡಲು ಕೂಡ ನನ್ನ ಕೈ ಏಳಲಿಲ್ಲ.

“ಕಟ್ಟಿಗೆ ಬೆನ್ನ ಹಚ್ಚಿ ಹಂಗ ಜಾರಿ ಕುಂತ. ನಾವು ಹೆಣಾ ಕೂಡಸತೇವಲ್ಲ, ಹಂಗ ಕುಂತ ಸತ್ತ. ಹಣಿಮ್ಯಾಲಿನ ವಿಭೂತಿ ಒಂದೀಟೂ ಅಳಸಿದ್ದಿಲ್ಲ. ಚೀಲಾ ತಗದ ನೋಡಿದ್ವಿ. ಬಾಳೀ ಎಲ್ಯಾಗ ಕಟ್ಟಿದ ಸಿಹಿ ಅನ್ನ. ಗುಡೀ ಪ್ರಸಾದ. ಇನ್ನೂ ಬೆಚ್ಚಗಿತ್ತ. ಎರಡ ಕಟ್ಟ ತಂದಿದ್ದ, ನನಗೊಂದು, ಅಮೋಘಗೊಂದು.”

“ಅವನ ಇಟ್ಟಿದ್ದಿಲ್ಲ ಹಂಗಾರ ಮದ್ದು?”

“ಇಟ್ಟಾಂವ ತಿರಗಿ ಬರತಾನೇನ, ಪ್ರಸಾದ ತಗೊಂಡ? ಅಷ್ಟ ತಿಳ್ಯಾಕ ನನಗ ಅವನ್ನ ಹೊಡದ ಮ್ಯಾಲ ಎರಡ ಮಿಂಟ ಬೇಕಾತು. ಒಬ್ಬ ಉಗ್ರ ಸತ್ತ ಅಂತ ಬರಕೊಂಡ್ರು. ನನಗ ಶಾಬ್ಬಾಸ ಅಂದ್ರು.”

ನನಗೆ ಅವರ ಮೇಲೆ ಮರುಕ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ. ಅಸಹ್ಯ ಬಂತು. ಮೂವತ್ತೇಳು ವರ್ಷ ನನ್ನ ಪಕ್ಕ ಮಲಗಿ, ನನ್ನ ಕೈಯ ರೊಟ್ಟಿ ತಿಂದು, ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರಲ್ಲ ಎಂದು ಮೂರು ದಿನ ಮಾತು ಬಿಟ್ಟೆ. ಮರುದಿನವೇ ಗಡಿಯಲ್ಲಿ ಗುಂಡು ನಿಂತಿತು. ಟಿವಿಯವರು ಯಾಕೆ ನಿಲ್ಲಿಸಿದಿರಿ ಎಂದು ಕೂಗಾಡಿದರು. ನಾನು ಅಡುಗೆಮನೆಯಲ್ಲಿ ಕುಳಿತು ಲೆಕ್ಕ ಹಾಕುತ್ತಿದ್ದೆ, ಆ ಮುದುಕನಿಗೆ ಹೆಂಡತಿ ಇದ್ದಳೇ, ಅವನು ಎರಡು ಕಟ್ಟು ಪ್ರಸಾದ ಕಟ್ಟಿಸಿಕೊಂಡಾಗ ಇದು ಯಾರಿಗೆ ಎಂದು ಕೇಳಿದಳೇ. ಹತ್ತು ತಲೆಯವರು ಎಂದುಕೊಂಡಿದ್ದೆನಲ್ಲ ನಾನು. ಲಂಕೆ ಸುಟ್ಟು ಬನ್ನಿ ಎಂದು ಕಳಿಸಿದವಳು ನಾನೇ. ಅವರು ಒಂದು ಸಲ ಗುಂಡು ಹಾರಿಸಿ ಮೂವತ್ತೇಳು ವರ್ಷ ತಲೆ ಬಗ್ಗಿಸಿಕೊಂಡು ಇದ್ದರು. ನಾನು ವರ್ಷಕ್ಕೊಮ್ಮೆ ಮೈಕು ಹಿಡಿದು ಮಕ್ಕಳಿಂದ ಅದಕ್ಕೇ ಚಪ್ಪಾಳೆ ತಟ್ಟಿಸುತ್ತಿದ್ದೆ.

ಆ ಮೇಲೆ ನಾನು ಅವರ ಹಣೆಯ ಮಾತು ಎತ್ತಲಿಲ್ಲ. ಟಿವಿಯನ್ನೂ ಹಚ್ಚಲಿಲ್ಲ. ದೇಶ ಎಂದರೆ ಮೊದಲಿನ ಹಾಗೆ ಎದೆ ಉಬ್ಬುತ್ತಿರಲಿಲ್ಲ. ಹಾಗಂತ ದೇಶ ಬೇಡ ಎಂದೂ ಅನ್ನಲಾಗಲಿಲ್ಲ. ಯಾರಾದರೂ ಯುದ್ಧ ಎಂದರೆ ಬೆಚ್ಚಗಿನ ಎಲೆಯ ಕಟ್ಟು ಕಣ್ಣ ಮುಂದೆ ಬರುತ್ತಿತ್ತು.

ಶ್ರಾವಣದಲ್ಲಿ ಅವರು ಹಾಸಿಗೆ ಹಿಡಿದರು. ಸವದತ್ತಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಒಂದು ಮುಂಜಾನೆ ಗಂಜಿ ಕುಡಿಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು.

“ನಾ ಹೋದ ಮ್ಯಾಲ ನನ್ನ ಹಣಿಗೆ ವಿಭೂತಿ ಹಚ್ಚಗೊಡಬ್ಯಾಡ. ಮಣ್ಣ ಮಾಡಾಕ ಬರೂ ಬಸಯ್ಯ ಕೇಳೂದಿಲ್ಲ, ಗೌರೀಶನೂ ಕೇಳೂದಿಲ್ಲ. ನೀ ಒಬ್ಬಾಕಿನ ತಡ್ಯಾಕಿ. ನಿನ್ನ ಬಾಯಿಗೆ ಊರ ಹೆದರತೈತಿ.”

“ಗೌರೀಶಗ ಹೇಳಿಬಿಡ್ರಿ ಒಮ್ಮಿ.”

“ಬ್ಯಾಡ. ಅವನ ಬೈಕಿನ ಮ್ಯಾಲ ಏನ ಬರಸ್ಯಾನ ನೋಡಿ ಇಲ್ಲ? ಅವಂಗ ಬ್ಯಾಡ.”

“ಆತು.”

“ಹಂಗಲ್ಲ. ಕೈ ಮ್ಯಾಲ ಕೈ ಹಾಕು.”

ಹಾಕಿದೆ. ಐದು ದಿನದ ಮೇಲೆ ಒಂದು ಸೋಮವಾರ ಹೊತ್ತೇರುವಾಗ ಹೋದರು. ಅರವತ್ತನಾಲ್ಕು ವರ್ಷ ಆಗಿತ್ತು.

ಮಧ್ಯಾಹ್ನದೊಳಗೆ ಮನೆಯ ಮುಂದೆ ಇನ್ನೂರು ಮಂದಿ ಸೇರಿದರು. ಸೋಮವಾರವಾದ್ದರಿಂದ ಎಲ್ಲರ ಹಣೆಯ ಮೇಲೂ ವಿಭೂತಿ. ಬೈಲಹೊಂಗಲದ ಮಾಜಿ ಸೈನಿಕರು ಏಳೆಂಟು ಜನ ಬಂದಿದ್ದರು, ಅವರ ಮುಖ್ಯಸ್ಥ ಈಗ ಅಲ್ಲೇ ನೆಲೆಸಿದ್ದ ಅಮೋಘಸಿದ್ದಪ್ಪನೇ. ಮಡಿಸಿದ ತ್ರಿವರ್ಣ ಧ್ವಜವನ್ನು ಎದೆಗೊತ್ತಿಕೊಂಡು ಕಂಬದ ಪಕ್ಕ ನಿಂತಿದ್ದ. ನಮ್ಮ ಶಾಲೆಯ ಮಕ್ಕಳನ್ನು ಮಾಸ್ತರರು ಸಾಲಾಗಿ ಕರೆತಂದಿದ್ದರು. ಸ್ನಾನ ಮಾಡಿಸಿ, ಹೊಸ ಧೋತರ ಉಡಿಸಿ, ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ಇವರನ್ನು ಕೂಡಿಸಿದ್ದರು. ಮೈಮೇಲೆ ಅಂಗಿ ಇರಲಿಲ್ಲ. ಕೊರಳಲ್ಲಿ ಲಿಂಗವಿತ್ತು.

ಬಸಯ್ಯನವರು ನಮ್ಮ ಮನೆತನದ ಅಯ್ಯನವರು. ಗೌರೀಶನಿಗೆ ಹೆಸರಿಟ್ಟವರು, ಲಿಂಗ ಕಟ್ಟಿದವರು. ಅವರು ಹೆಣದ ತಲೆಗೆ ತಮ್ಮ ಪಾದ ಮುಟ್ಟಿಸದೆ ನಮ್ಮಲ್ಲಿ ಯಾರನ್ನೂ ಸಮಾಧಿಯ ಕುಣಿಗೆ ಇಳಿಸುವುದಿಲ್ಲ. ವಿಭೂತಿ ಗಟ್ಟಿಯನ್ನು ನೀರಲ್ಲಿ ನೆನೆಸಿ ತಟ್ಟೆಯಲ್ಲಿ ತೇಯುತ್ತ ಅವರು ಮುಂದೆ ಬಂದಾಗ ನಾನು ಎದ್ದು ನಿಂತೆ.

“ಅಯ್ಯನವರ, ವಿಭೂತಿ ಬ್ಯಾಡ್ರಿ.”

ಬಸಯ್ಯನವರಿಗೆ ಎಪ್ಪತ್ತು ದಾಟಿದೆ. ಕೇಳಿಸಲಿಲ್ಲವೇನೋ ಎಂಬಂತೆ ನನ್ನನ್ನು ನೋಡಿದರು. “ಏನಂದಿ ತಂಗಿ?”

“ಅವರು ಹಚ್ಚತಿದ್ದಿಲ್ಲ. ಹಚ್ಚಬ್ಯಾಡ ಅಂತ ಹೇಳಿ ಹೋಗ್ಯಾರ. ಹಂಗ ಕಳಸೂನು.”

“ಜೀವಂತ ಇರೂತನಕಾ ಅವನ ಮರ್ಜಿ ನಡೀತು. ನಾ ಒಂದ ದಿನಾ ಕೇಳಿಲ್ಲ. ಈಗ ಅಂವ ಶಿವನ ಪಾಲ. ಬೋಳಹಣಿಗೆ ನಾ ಪಾದಾ ಮುಟ್ಟಸೂದಿಲ್ಲ ತಂಗಿ. ನಮ್ಮ ಮಣ್ಣಿನಾಗ ಹಂಗ ಯಾರನ್ನೂ ಇಳಿಸಿಲ್ಲ.”

ಬಯ್ದು ಹೇಳಲಿಲ್ಲ, ಬೇಡಿಕೊಳ್ಳುವ ದನಿಯಲ್ಲೇ ಹೇಳಿದರು. ಅಂಗಳದಲ್ಲಿ ಗುಜುಗುಜು ಶುರುವಾಯಿತು. ಜಾತಿ ಬಿಟ್ಟಿದ್ದ ಎಂದು ಮಂದಿ ಅಂದದ್ದು ಹಾಗಾದರೆ ಖರೆಯೇ ಎಂದು ಯಾರೋ ಕೇಳಿದ್ದು ನನ್ನ ಕಿವಿಗೂ ಬಿತ್ತು, ಗೌರೀಶನ ಕಿವಿಗೂ ಬಿತ್ತು. ಅವನು ಬಂದು ನನ್ನೆದುರು ಮೊಣಕಾಲೂರಿ ಕುಳಿತ. ಅತ್ತು ಅತ್ತು ಮುಖ ಬಾತಿತ್ತು.

“ಅವ್ವಾ, ಯಾಕ? ಒಂದ ಕಾರಣಾ ಹೇಳು. ಕಾರಣಾ ಹೇಳಿದ್ರ ಸಾಕು, ಅಯ್ಯನವರು ಹೋದ್ರ ಹೋಗಲಿ, ಊರ ಹೋದ್ರ ಹೋಗಲಿ, ನಾ ನಿನ್ನ ಸಂಗಾಟ ನಿಲ್ಲತೇನಿ. ಅಪ್ಪನ್ನ ನಾ ಒಬ್ಬನ ಹೊತ್ಕೊಂಡ ಹೋಗತೇನಿ. ಆದ್ರ ಯಾಕ ಅಂತ ಹೇಳು.”

ನಾನು ಅಮೋಘಸಿದ್ದಪ್ಪನ ಕಡೆ ನೋಡಿದೆ. ಅವನು ಕಣ್ಣು ಮುಚ್ಚಿ, ಬೇಡ ಎನ್ನುವಂತೆ ತಲೆ ಆಡಿಸಿದ. ಮಕ್ಕಳ ಸಾಲು ನೋಡಿದೆ. ಅವರ ಕೈಯಲ್ಲಿ ಕಾಗದದ ಸಣ್ಣ ಧ್ವಜಗಳಿದ್ದವು. ಅಂಗಳದ ಆಚೆ ಗೌರೀಶನ ಬೈಕು ನಿಂತಿತ್ತು. ನನ್ನ ಬಾಯಲ್ಲಿ ಮಾತು ತಯಾರಾಗಿತ್ತು, ಪಾಠದ ಸಾಲಿನ ಹಾಗೆ. ನಿಮ್ಮಪ್ಪ ಒಬ್ಬ ಬರಿಗೈ ಮುದುಕನನ್ನು ಕೊಂದಿದ್ದಾರೆ, ಅವನ ಹಣೆಯ ಮೇಲೆ ಇದೇ ಇತ್ತು. ಇಷ್ಟೇ ಹೇಳಬೇಕಿತ್ತು. ಹೇಳಿದರೆ ಗಂಡನ ಮಾತು ಉಳಿಯುತ್ತಿತ್ತು, ಮಗನ ಅಪ್ಪ ಹೋಗುತ್ತಿದ್ದ. ಅದೂ ಇನ್ನೂರು ಮಂದಿಯ ಮುಂದೆ, ಹೆಣ ಇನ್ನೂ ಮನೆಯಲ್ಲಿರುವಾಗ. ಮಗನಿಗಾಗಿ ಸುಮ್ಮನಾದೆ ಎಂದು ಈಗ ಹೇಳಬಹುದು. ಅದು ಅರ್ಧ ಖರೆ. ಇನ್ನರ್ಧ ಏನೆಂದರೆ ನನಗೇ ಹೆದರಿಕೆಯಾಯಿತು. ವೀರಯೋಧನ ಹೆಂಡತಿ ಎಂದು ಇಷ್ಟು ವರ್ಷ ತಲೆ ಎತ್ತಿಕೊಂಡು ಓಡಾಡಿದ ಓಣಿಯಲ್ಲಿ ನಾಳೆ ಹೇಗೆ ಓಡಾಡಲಿ ಎಂದು.

“ಏನೂ ಇಲ್ಲಪ್ಪಾ,” ಎಂದೆ. “ಅವರಿಗೆ ಕಡೀಕ ಭ್ರಮಾ ಆಗಿತ್ತ. ಹಚ್ಚರಿ ಅಯ್ಯನವರ.”

ಬಸಯ್ಯನವರ ಮುಖ ಅರಳಿತು. ಒಳ್ಳೆಯ ಮನುಷ್ಯರು, ನನಗೆ ದೊಡ್ಡ ಮರ್ಯಾದೆ ಮಾಡುತ್ತಿದ್ದೇನೆ ಎಂದುಕೊಂಡು ತಟ್ಟೆಯನ್ನು ನನ್ನ ಕಡೆಗೇ ಹಿಡಿದರು. “ಮೊದಲ ನಿನ್ನ ಕೈಲೇ ಆಗಲಿ ತಂಗಿ. ಮೂವತ್ತೆಂಟ ವರ್ಷ ಸಂಸಾರ ಮಾಡಿದಾಕಿ.”

ಮೂರು ಬೆರಳು ಅದ್ದಿದೆ. ಹಣೆ ತಣ್ಣಗಿತ್ತು. ಎಡದಿಂದ ಬಲಕ್ಕೆ ಎಳೆದೆ. ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ, ಗೆರೆ ಎಲ್ಲೂ ಅಲುಗಲಿಲ್ಲ. ಉಳಿದದ್ದನ್ನು ಬಸಯ್ಯನವರು ಎದೆಗೆ, ತೋಳಿಗೆ ಹಚ್ಚಿದರು. ಒದ್ದೆ ವಿಭೂತಿ ನಿಧಾನವಾಗಿ ಒಣಗಿ ಬೆಳ್ಳಗಾಯಿತು.

“ಈಗ ನೋಡ್ರಿ, ಶರಣರ ಕುಂತಂಗ ಆತು,” ಎಂದರು ಹಿರಿಯರೊಬ್ಬರು.

“ಅತ್ತಿ, ಮಾವಾರ ಮುಖಾ ಎಷ್ಟ ಶಾಂತ ಆತರಿ,” ಎಂದು ಸಪ್ನಾ ಬಿಕ್ಕಿದಳು.

ಧ್ವಜ ಹೊದಿಸಲು ಅಮೋಘಸಿದ್ದಪ್ಪನನ್ನು ಕರೆದರು. ಮಡಿಕೆ ಬಿಚ್ಚುತ್ತ ಬಂದವನು ಎರಡು ಹೆಜ್ಜೆ ದೂರದಲ್ಲಿ ನಿಂತುಬಿಟ್ಟ. ಇವರ ಮುಖ ನೋಡಿದ. ಪಕ್ಕದವನ ಕೈಗೆ ಧ್ವಜ ಕೊಟ್ಟು, ಬಂದು ನನ್ನ ಪಕ್ಕ ಕುಸಿದು ಕುಳಿತ.

“ತಂಗಿ,” ಎಂದ, ನನಗೊಬ್ಬಳಿಗೇ ಕೇಳುವ ಹಾಗೆ. “ಆ ಅಜ್ಜ ಕುಂತಾನ. ಅವನ ಕುಂತಾನ ಅಲ್ಲಿ. ಹಿಂಗ ಕುಂತಿದ್ದ.”

ನೋಡಿದೆ. ಬರಿಮೈ, ಬಿಳಿ ಕೂದಲು, ಗೋಡೆಗೆ ಹಚ್ಚಿದ ಬೆನ್ನು, ಸ್ವಲ್ಪವೂ ಅಳಿಸದ ಮೂರು ಪಟ್ಟೆ. ಅವರು ದೇವರಿಗೆ ಹೆದರಿ ಹಣೆ ಬೋಳು ಬಿಟ್ಟಿದ್ದರು ಎಂದುಕೊಂಡಿದ್ದೆ. ವಯಸ್ಸಾದಂತೆ ತಮ್ಮ ಮುಖ ಯಾರ ಮುಖವಾಗುತ್ತಿದೆ ಎಂದು ಅವರಿಗೆ ದಿನಾ ಕನ್ನಡಿಯಲ್ಲಿ ಕಾಣುತ್ತಿತ್ತು. ಮೂರು ಪಟ್ಟೆಯೊಂದೇ ಬಾಕಿ ಇತ್ತು. ಅದನ್ನು ನಾನು ಎಳೆದೆ.

ಆಗಲೂ ಒರೆಸಬಹುದಿತ್ತು. ಸೆರಗಿನ ತುದಿ ಸಾಕಿತ್ತು. ನಾನು ಏಳಲಿಲ್ಲ. ಬಸಯ್ಯನವರು ಪಾದ ಮುಟ್ಟಿಸಿದರು. ಧ್ವಜ ಹೊದಿಸಿದರು. ಗೌರೀಶ ಮುಂದಿನ ಹೆಗಲು ಕೊಟ್ಟ. ಎತ್ತುವಾಗ ಯಾರೋ “ವೀರಯೋಧ ಮಲಕಾಜಪ್ಪ” ಎಂದು ಕೂಗಿದರು, ಮಕ್ಕಳು ಕಾಗದದ ಧ್ವಜ ಆಡಿಸುತ್ತ “ಅಮರ ರಹೇ” ಎಂದರು. ಎರಡನೆಯ ಸಲ ಕೂಗಿದಾಗ ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ನಾನೂ ಕೂಗಿದೆ. ಮೈದಾನದ ಕೊನೆಯ ಸಾಲಿಗೆ ಮುಟ್ಟುತ್ತಿದ್ದ ದನಿ ನನ್ನದು, ಎಲ್ಲರಿಗಿಂತ ಜೋರಾಗಿ ಕೇಳಿತು.